ಕುದುರೆಯ ಹಲ್ಲು, ಪತ್ತೇದಾರನ ಕಣ್ಣು

ಸುರಪುರದ ಬೆಟ್ಟದ ಮೇಲಿರುವ ಟೇಲರ್ ಮಂಜಿಲನ್ನು ಯಾದಗಿರಿ, ಶಹಾಪುರ, ಕೊಂಕಲ್ ಕಡೆಯ ವಿದ್ಯಾರ್ಥಿಗಳಲ್ಲಿ ಅನೇಕರು ನೋಡಿರಬಹುದು. ೧೮೪೦ರ ದಶಕದಿಂದ ೧೮೫೩ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡ ಫಿಲಿಪ್ ಮೆಡೋಸ್ ಟೇಲರನ ಮನೆ ಅದು. ಬಾಲಕ ರಾಜ ವೆಂಕಟಪ್ಪ ನಾಯಕನ ಪೋಷಕನೆಂದೂ, ಈ ಸೀಮೆಯ ಶಿಲಾಸಮಾಧಿಗಳನ್ನು ಮೊದಲು ಅಗೆಸಿ ನೋಡಿದವರಲ್ಲಿ ಒಬ್ಬನೆಂದೂ ಅವನನ್ನು ಸ್ಮರಿಸುವುದುಂಟು. ಅವನಿಗೆ ಇನ್ನೊಂದು ಕೀರ್ತಿಯೂ ಸಲ್ಲತಕ್ಕದ್ದು. ಠಕ್ಕರ ಹೇಳಿಕೆಗಳನ್ನು ಸ್ವತಃ ಬರೆದುಕೊಂಡಿದ್ದ ಆತನು ೧೮೩೯ರಲ್ಲಿ ‘ಕನ್‌ಫೆಷನ್ಸ್ ಆಫ್ ಎ ಥಗ್’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ಷರ್ಲಾಕ್ ಹೋಮ್ಸನು ಕಾಗದದ ಮೇಲೆ ಹುಟ್ಟಿದ್ದು ೧೮೮೭ರಲ್ಲಿ. ಅಂದಮೇಲೆ, ಅಪರಾಧದ ಕಥೆಯೆಂಬುದು ಲಂಡನ್ನಿನ ಮಂಜಿನಲ್ಲಿ ಮಾತ್ರ ಬೆಳೆದ ಗಿಡವಲ್ಲ. ಅದರ ಒಂದು ಬೇರು ನಮ್ಮ ದಖ್ಖನಿನ ಹಾದಿಗಳಲ್ಲಿಯೂ ಇಳಿದಿದೆ.

ಆದರೂ ನಮ್ಮ ಶಾಲಾಕಾಲೇಜುಗಳಲ್ಲಿ ಪತ್ತೇದಾರಿ ಕಾದಂಬರಿಗೆ ಇಂದಿಗೂ ಹಿಂಬಾಗಿಲಿನ ಪ್ರವೇಶವೇ. ಎನ್. ನರಸಿಂಹಯ್ಯ, ಟಿ. ಕೆ. ರಾಮರಾವ್ ಮೊದಲಾದವರ ಪುಸ್ತಕಗಳು ಕನ್ನಡದಲ್ಲಿ ಓದುಗರನ್ನು ಸೃಷ್ಟಿಸಿದುವೆಂದು ಸಭೆಗಳಲ್ಲಿ ಹೊಗಳುವ ಉಪಾಧ್ಯಾಯರೇ ಹುಡುಗನ ಕೈಯಲ್ಲಿ ಅಂಥದೊಂದನ್ನು ಕಂಡರೆ ಕಿತ್ತಿಟ್ಟುಕೊಳ್ಳುತ್ತಾರೆ. ಅದರಲ್ಲಿಯೂ ಕಥೆ ಕುದುರೆಯ ಜೂಜಿಗೆ ಸಂಬಂಧಿಸಿದ್ದಾದರೆ ಕೇಳುವುದೇ ಬೇಡ. ಕೊಲೆಯೂ ಜೂಜೂ ಒಂದೇ ರಟ್ಟಿನೊಳಗೆ! ಈ ಲೇಖನದ ವಾದ ಇದಕ್ಕೆ ವಿರುದ್ಧವಾದದ್ದು. ವಿಜ್ಞಾನದ ವಿದ್ಯಾರ್ಥಿಯು ಓದಬಹುದಾದ ಪತ್ತೇದಾರಿ ಕಥೆಗಳಲ್ಲಿ ಕುದುರೆಪಂದ್ಯದ ಕಥೆಗಳಿಗೆ ವಿಶೇಷ ಸ್ಥಾನವಿದೆ. ಏಕೆಂದರೆ ಅಲ್ಲಿಯ ಅಪರಾಧಗಳೆಲ್ಲವೂ ಕಡೆಗೆ ಎರಡು ಪ್ರಶ್ನೆಗಳಿಗೆ ಬಂದು ನಿಲ್ಲುತ್ತವೆ: ಈ ಪ್ರಾಣಿ ಯಾವುದು? ಇದರ ಮೈಯೊಳಗೆ ಏನಿದೆ? ಎರಡೂ ಪ್ರಯೋಗಶಾಲೆಯ ಪ್ರಶ್ನೆಗಳು. ಇಂಥ ಕಥೆಗಳಲ್ಲಿ ಒಂದು ದೊಡ್ಡ ಸುಳ್ಳೂ ಸಾಮಾನ್ಯವಾಗಿ ಸೇರಿರುತ್ತದೆ. ಅದನ್ನು ಮುಂದೆ ನೋಡೋಣ.

ಈ ಬಗೆಯ ಕಥೆಗಳಲ್ಲಿ ಹಿರಿಯದೆನ್ನಬಹುದಾದದ್ದು ಆರ್ಥರ್ ಕಾನನ್ ಡಾಯ್ಲ್ ೧೮೯೨ರಲ್ಲಿ ಬರೆದ ‘ಸಿಲ್ವರ್ ಬ್ಲೇಜ್’. ಪಂದ್ಯಕ್ಕೆ ಸಿದ್ಧವಾದ ಕುದುರೆ ಮಾಯವಾಗಿದೆ. ತರಬೇತುಗಾರನು ಬಯಲಿನಲ್ಲಿ ಸತ್ತು ಬಿದ್ದಿದ್ದಾನೆ. ಲಾಯದ ಹುಡುಗನ ಊಟದಲ್ಲಿ ಅಫೀಮಿನ ಪುಡಿ ಬೆರೆತಿತ್ತು. ಅಫೀಮಿಗೆ ಕಹಿ ರುಚಿಯಿದೆ. ಸಪ್ಪೆ ಅಡಿಗೆಯಲ್ಲಿ ಅದು ಅಡಗದು. ಅಂದು ರಾತ್ರಿಯೇ ಮಸಾಲೆ ಹಾಕಿದ ಮಾಂಸದ ಅಡಿಗೆ ಮಾಡಿಸಿದವನು ಯಾರೋ ಅವನೇ ಅಪರಾಧಿಯಾಗಿರಬೇಕು! ಖಾರದ ಸಾರನ್ನು ದಿನವೂ ಉಣ್ಣುವ ನಮಗೆ ಈ ತರ್ಕ ಬಹುಬೇಗ ಹಿಡಿಸುತ್ತದೆ. ಆ ರಾತ್ರಿ ಬೊಗಳದಿದ್ದ ನಾಯಿಯ ವಿಚಾರವಂತೂ ಲೋಕಪ್ರಸಿದ್ಧ. ನಡೆಯದಿದ್ದ ಘಟನೆಯೂ ಒಂದು ಸಾಕ್ಷ್ಯವಾಗಬಲ್ಲದೆಂಬುದನ್ನು ಇಷ್ಟು ಸುಲಭವಾಗಿ ತಿಳಿಸುವ ಪಾಠ ತರ್ಕಶಾಸ್ತ್ರದ ಪುಸ್ತಕಗಳಲ್ಲಿಯೂ ಅಪರೂಪ.

ಆದರೆ ಡಾಯ್ಲನಿಗೆ ಪಂದ್ಯದ ನಿಯಮಗಳ ತಿಳಿವಳಿಕೆ ಸಾಲದಾಗಿತ್ತು. ಕಳೆದುಹೋದ ಕುದುರೆಯನ್ನು ಮೈಬಣ್ಣ ಮರೆಸಿದ ಸ್ಥಿತಿಯಲ್ಲಿಯೇ ಓಡಿಸಿ, ಗೆದ್ದ ಮೇಲೆ ಬಣ್ಣ ತೊಳೆದು ತೋರಿಸುವ ಹೋಮ್ಸನ ಆಟ ನಿಜಜೀವನದಲ್ಲಿ ನಡೆದಿದ್ದರೆ ಕಥೆಯ ಪಾತ್ರಗಳಲ್ಲಿ ಅರ್ಧದಷ್ಟು ಜನ ಸೆರೆಮನೆ ಸೇರುತ್ತಿದ್ದರೆಂದು ಪಂದ್ಯದ ಪತ್ರಿಕೆಯ ವಿಮರ್ಶಕನೊಬ್ಬನು ಬರೆದನಂತೆ. ಡಾಯ್ಲನು ಅದನ್ನು ತನ್ನ ಆತ್ಮಕಥೆಯಲ್ಲಿ ನಗುನಗುತ್ತ ಒಪ್ಪಿಕೊಂಡಿದ್ದಾನೆ. ಕಥೆ ಮಾತ್ರ ಉಳಿದಿದೆ, ವಿಮರ್ಶೆ ಮರೆತುಹೋಗಿದೆ; ಕಥೆಗಾರರ ಅದೃಷ್ಟ ಅದು.

ಬಣ್ಣ ಬಳಿದು ಕುದುರೆ ಬದಲಿಸುವುದು ಬರಿಯ ಕಲ್ಪನೆಯಲ್ಲ. ಇಂಗ್ಲೆಂಡಿನ ಡರ್ಬಿ ಪಂದ್ಯವು ಮೂರು ವರ್ಷದ ಕುದುರೆಗಳಿಗೆ ಮಾತ್ರ ಮೀಸಲು. ೧೮೪೪ರಲ್ಲಿ ಅದನ್ನು ‘ರನ್ನಿಂಗ್ ರೀನ್’ ಎಂಬ ಕುದುರೆ ಗೆದ್ದಿತು. ಎರಡನೆಯದಾಗಿ ಬಂದ ‘ಆರ್ಲಾಂಡೊ’ದ ಒಡೆಯನಾದ ಕರ್ನಲ್ ಪೀಲನು, ಗೆದ್ದದ್ದು ವಾಸ್ತವವಾಗಿ ‘ಮಕಾಬಿಯಸ್’ ಎಂಬ ನಾಲ್ಕು ವರ್ಷದ ಕುದುರೆಯೆಂದು ಆಕ್ಷೇಪಿಸಿದನು. ವ್ಯಾಜ್ಯ ನ್ಯಾಯಾಲಯಕ್ಕೆ ಹೋಯಿತು. ನ್ಯಾಯಾಧೀಶ ಆಲ್ಡರ್ಸನ್ನನು ವಕೀಲರ ವಾಗ್ಝರಿಯನ್ನು ಬದಿಗಿಟ್ಟು, ಮೊದಲು ಕುದುರೆಯನ್ನು ಹಾಜರುಪಡಿಸಿರಿ ಎಂದನು. ಕುದುರೆ ಬರಲೇ ಇಲ್ಲ! ಅಲ್ಲಿಗೆ ದಾವೆ ಕುಸಿದು, ಬಹುಮಾನ ಆರ್ಲಾಂಡೊಗೆ ಸಂದಿತು.

ಕುದುರೆಯನ್ನು ತಂದಿದ್ದರೆ ನ್ಯಾಯಾಧೀಶನು ಏನು ನೋಡುತ್ತಿದ್ದನು? ನಮ್ಮ ದನದ ಸಂತೆಯ ದಲ್ಲಾಳಿ ನೋಡುವುದನ್ನೇ. ದಾನ ಕೊಟ್ಟ ಆಕಳ ಹಲ್ಲು ಎಣಿಸಬಾರದೆಂಬ ಗಾದೆಯಿದ್ದರೂ, ದುಡ್ಡು ಕೊಟ್ಟು ಕೊಳ್ಳುವವನು ಎಣಿಸಿಯೇ ಎಣಿಸುತ್ತಾನೆ. ‘ಎರಡು ಹಲ್ಲಿನ ಹೋರಿ’, ‘ನಾಲ್ಕು ಹಲ್ಲಿನದು’, ‘ಬಾಯಿಗೂಡಿದ್ದು’ ಎಂಬ ಲೆಕ್ಕ ರೈತನ ಮನೆಯ ಮಕ್ಕಳಿಗೆ ಗೊತ್ತೇ ಇದೆ. ಕುದುರೆಗೂ ಸರಿಸುಮಾರು ಇದೇ ಲೆಕ್ಕ. ಎರಡೂವರೆ ವರ್ಷದ ಹೊತ್ತಿಗೆ ಮುಂಭಾಗದ ನಡುವಿನ ಹಾಲುಹಲ್ಲುಗಳೆರಡು ಬಿದ್ದು ಶಾಶ್ವತ ಹಲ್ಲು ಮೂಡುತ್ತವೆ. ಮೂರೂವರೆಗೆ ಅವುಗಳ ಪಕ್ಕದ ಜೋಡಿ. ನಾಲ್ಕೂವರೆಗೆ ಮೂಲೆಯ ಜೋಡಿ. ದನಕ್ಕೆ ಮೇಲ್ದವಡೆಯ ಮುಂಭಾಗದಲ್ಲಿ ಹಲ್ಲಿಲ್ಲ, ಕುದುರೆಗೆ ಎರಡೂ ದವಡೆಗಳಲ್ಲಿ ಇವೆ, ಇಷ್ಟೇ ವ್ಯತ್ಯಾಸ. ಹಾಗಾಗಿ ಮೂರು ವರ್ಷದ ಕುದುರೆಗೂ ನಾಲ್ಕು ವರ್ಷದ ಕುದುರೆಗೂ ನಡುವಣ ಜಗಳವೆಂದರೆ ಎರಡು ಹಲ್ಲಿಗೂ ನಾಲ್ಕು ಹಲ್ಲಿಗೂ ನಡುವಣ ಜಗಳವೇ ಸರಿ. ಕೊಂಕಲ್ಲಿನ ಒಬ್ಬ ಒಕ್ಕಲಿಗನನ್ನು ಸಾಕ್ಷಿಯಾಗಿ ಕರೆಸಿದ್ದರೂ ಡರ್ಬಿಯ ವ್ಯಾಜ್ಯ ಐದು ನಿಮಿಷದಲ್ಲಿ ತೀರುತ್ತಿತ್ತು.

ಇದೆಲ್ಲ ಹಳೆಯ ಕಾಲದ ಮಾತೆನ್ನುವಂತಿಲ್ಲ. ೧೯೫೩ರಲ್ಲಿ ಇಂಗ್ಲೆಂಡಿನ ಬಾತ್ ಪಟ್ಟಣದಲ್ಲಿ ‘ಫ್ರಾಂಕಾಸಲ್’ ಎಂಬ ಸಾಧಾರಣ ಕುದುರೆಯ ಹೆಸರಿನಲ್ಲಿ ಮತ್ತೊಂದನ್ನು ಓಡಿಸಿದರು. ಬಾಜಿಯ ದರ ಕುಸಿಯದಂತೆ ಮೈದಾನದ ದೂರವಾಣಿಯ ತಂತಿಯನ್ನೇ ಕತ್ತರಿಸಿದರು. ೧೯೮೪ರಲ್ಲಿ ಆಸ್ಟ್ರೇಲಿಯದ ಬ್ರಿಸ್ಬೇನಿನಲ್ಲಿ ‘ಫೈನ್ ಕಾಟನ್’ ಎಂಬ ಕುದುರೆಯ ಬದಲು ಅದಕ್ಕಿಂತ ಎಷ್ಟೋ ಚುರುಕಾದ ಇನ್ನೊಂದಕ್ಕೆ ತಲೆಗೂದಲಿಗೆ ಹಚ್ಚುವ ಬಣ್ಣ ಬಳಿದು, ಕಾಲಿಗೆ ಬಿಳಿಯ ಬಣ್ಣ ಹಚ್ಚಿ ತಂದರು. ಕುದುರೆ ಬೆವರದೆ ಇರುವುದೆ? ನೋಡುತ್ತಿದ್ದ ಜನರೇ ಕೂಗೆಬ್ಬಿಸಿದರು. ಇಂದು ಈ ಜಾತಿಯ ಮೋಸಕ್ಕೆ ದಾರಿ ಬಹುಮಟ್ಟಿಗೆ ಮುಚ್ಚಿದೆ. ಮರಿಯ ಕತ್ತಿನ ಚರ್ಮದಡಿ ಅಕ್ಕಿಕಾಳಿನಷ್ಟು ಗಾತ್ರದ ಸಂಖ್ಯಾಗುರುತನ್ನು ಸೇರಿಸುತ್ತಾರೆ. ರಕ್ತದ ಇಲ್ಲವೆ ಕೂದಲಬುಡದ ಡಿಎನ್‌ಎಯನ್ನು ತಂದೆತಾಯಿಗಳ ಡಿಎನ್‌ಎಯೊಡನೆ ಹೋಲಿಸಿ ವಂಶಾವಳಿಯ ಪುಸ್ತಕಕ್ಕೆ ಏರಿಸುತ್ತಾರೆ. ಪಂದ್ಯದ ಕುದುರೆಗಳೆಲ್ಲವೂ ಗಂಡುಸಂತತಿಯಲ್ಲಿ ಮೂರೇ ಮೂರು ಮೂಲಪುರುಷರಿಗೆ ಸೇರಿದವು. ಇಷ್ಟು ಹತ್ತಿರದ ಬಂಧುಗಳ ನಡುವೆ ವ್ಯಕ್ತಿಯನ್ನು ಗುರುತಿಸುವುದು ಬರಿಯ ಕಣ್ಣಿನಿಂದ ಸಾಧ್ಯವಿಲ್ಲ. ಇಂದಿನ ಕಾದಂಬರಿಕಾರನು ಕುದುರೆ ಬದಲಿಸುವ ಕಥೆ ಬರೆಯಬೇಕಾದರೆ ಬಣ್ಣದ ಡಬ್ಬಿ ಸಾಲದು, ದಾಖಲೆಯನ್ನೇ ತಿದ್ದಬೇಕು. ಅಪರಾಧವು ಲಾಯದಿಂದ ಕಚೇರಿಗೆ ಹೋಗಿದೆ.

ಎರಡನೆಯ ಪ್ರಶ್ನೆ ಹೆಚ್ಚು ಕುತೂಹಲಕರವಾದದ್ದು. ಮದ್ದು ಹಾಕಿ ಕುದುರೆಯನ್ನು ಓಡಿಸುವುದನ್ನು ಇಂಗ್ಲೆಂಡಿನ ಜಾಕಿ ಕ್ಲಬ್ಬು ೧೯೦೩ರಲ್ಲಿ ನಿಷೇಧಿಸಿತು. ನಿಷೇಧಿಸಿದರೇನು? ಕಂಡುಹಿಡಿಯುವ ಉಪಾಯವೇ ಅಂದು ಇರಲಿಲ್ಲ. ೧೯೧೦ರ ಸುಮಾರಿನಲ್ಲಿ ವಿಯೆನ್ನಾದ ರಸಾಯನಶಾಸ್ತ್ರಜ್ಞರು ಕುದುರೆಯ ಜೊಲ್ಲಿನಲ್ಲಿ ಕ್ಷಾರಸಾರಗಳನ್ನು ಪತ್ತೆಮಾಡಿ ತೋರಿಸಿದ ಮೇಲೆ ನಿಯಮಕ್ಕೆ ಹಲ್ಲು ಬಂತು. ಈಗ ಜೊಲ್ಲಿನ ಬದಲು ಮೂತ್ರ, ರಕ್ತ, ಕೂದಲು; ಹಳೆಯ ಪರೀಕ್ಷಾನಳಿಕೆಯ ಬದಲು ದ್ರವ್ಯಗಳನ್ನು ಬೇರ್ಪಡಿಸಿ ಅವುಗಳ ಅಣುತೂಕವನ್ನೇ ಅಳೆಯುವ ಯಂತ್ರ. ಒಂದು ಮಿಲಿಲೀಟರಿನಲ್ಲಿ ಒಂದು ನ್ಯಾನೋಗ್ರಾಮ್ ದ್ರವ್ಯವಿದ್ದರೂ ಅದು ಇಂಥದೇ ಎಂದು ಹೇಳಬಲ್ಲುದು. ಇದು ಎಷ್ಟು? ೨೦ ಮೀಟರು ಉದ್ದ, ೧೦ ಮೀಟರು ಅಗಲ, ೫ ಮೀಟರು ಆಳದ ತುಂಬಿದ ಹೊಂಡದಲ್ಲಿ ಒಂದೇ ಗ್ರಾಮ್ ಉಪ್ಪು ಕರಗಿಸಿದಷ್ಟು. ಲೆಕ್ಕ ಹಾಕಿ ನೋಡಿರಿ.

ಇಂಥ ಯಂತ್ರದ ಮುಂದೆ ಕಥೆಯ ಖಳನಾಯಕನು ಏನು ಮಾಡಬೇಕು? ಈ ಸಮಸ್ಯೆಯನ್ನು ಎಲ್ಲರಿಗಿಂತ ಚೆನ್ನಾಗಿ ಬಿಡಿಸಿದವನು ಡಿಕ್ ಫ್ರಾನ್ಸಿಸ್. ಆತನು ಕುರ್ಚಿಯ ಮೇಲೆ ಕುಳಿತು ಊಹಿಸಿದ ಲೇಖಕನಲ್ಲ. ಬೇಲಿ ಹಾರುವ ಪಂದ್ಯಗಳಲ್ಲಿ ಇಂಗ್ಲೆಂಡಿನ ಅಗ್ರಗಣ್ಯ ಜಾಕಿಯಾಗಿದ್ದವನು. ೧೯೫೬ರ ಗ್ರಾಂಡ್ ನ್ಯಾಷನಲ್ ಪಂದ್ಯದಲ್ಲಿ ಅವನು ಏರಿದ್ದ ರಾಜಮಾತೆಯ ಕುದುರೆ ‘ಡೆವನ್ ಲಾಕ್’ ಎಲ್ಲರಿಗಿಂತ ಮುಂದಿದ್ದು, ಗುರಿ ಕೆಲವೇ ಗಜಗಳ ದೂರವಿರುವಾಗ, ಯಾವ ತಡೆಯೂ ಇಲ್ಲದ ಬಯಲಿನಲ್ಲಿ ಕಾಲು ಚಾಚಿ ಬಿದ್ದುಬಿಟ್ಟಿತು. ಸ್ನಾಯುವಿನ ಸೆಳೆತವೆಂದರು, ನೆರಳನ್ನು ಬೇಲಿಯೆಂದು ಭ್ರಮಿಸಿತೆಂದರು. ಜನರ ಕೂಗಿಗೆ ಬೆಚ್ಚಿತೆಂದು ಫ್ರಾನ್ಸಿಸನು ನಂಬಿದ್ದನು. ನಿಜವಾದ ಕಾರಣ ಇಂದಿಗೂ ನಿರ್ಧಾರವಾಗಿಲ್ಲ. ಮರುವರ್ಷ ಸವಾರಿ ಬಿಟ್ಟ ಅವನು ಪತ್ರಿಕೆಗೆ ಬರೆಯತೊಡಗಿ, ೧೯೬೨ರಲ್ಲಿ ‘ಡೆಡ್ ಸರ್ಟ್’ ಎಂಬ ಮೊದಲ ಕಾದಂಬರಿಯನ್ನು ಪ್ರಕಟಿಸಿದನು. ೨೦೧೦ರಲ್ಲಿ ತೀರಿಕೊಳ್ಳುವಷ್ಟರಲ್ಲಿ ನಲವತ್ತಕ್ಕೂ ಮಿಕ್ಕಿ ಪುಸ್ತಕಗಳಾಗಿದ್ದುವು.

ಅವುಗಳಲ್ಲಿ ೧೯೬೫ರ ‘ಫಾರ್ ಕಿಕ್ಸ್’ ವಿಜ್ಞಾನದ ವಿದ್ಯಾರ್ಥಿಗೆ ಹಬ್ಬದೂಟ. ಸೋಮಾರಿ ಕುದುರೆಗಳು ಇದ್ದಕ್ಕಿದ್ದಂತೆ ಗೆಲ್ಲುತ್ತಿವೆ; ಉದ್ರೇಕಗೊಂಡಂತೆ ಕಾಣುತ್ತವೆ; ಪರೀಕ್ಷೆಯಲ್ಲಿ ಯಾವ ಮದ್ದೂ ಸಿಕ್ಕುವುದಿಲ್ಲ. ಗುಟ್ಟು ಹೇಳದೆ ಇದರ ಸೊಗಸನ್ನು ವಿವರಿಸಲಾಗದು. ದುಷ್ಟರು ಕುದುರೆಗೆ ಮನುಷ್ಯನ ಕಿವಿಗೆ ಕೇಳಿಸದ ಸೀಟಿಯನ್ನು ಊದಿ, ಕೂಡಲೇ ಬೆಂಕಿಯ ಜ್ವಾಲೆಯಿಂದ ಹೆದರಿಸಿರುತ್ತಾರೆ. ಹಲವು ಸಲ ಹೀಗಾದ ಮೇಲೆ ಪಂದ್ಯದ ಕೊನೆಯಲ್ಲಿ ಸೀಟಿಯೊಂದೇ ಸಾಕು. ಭಯದಿಂದ ಕುದುರೆಯ ಸ್ವಂತ ಗ್ರಂಥಿಯೇ ಅಡ್ರಿನಲಿನ್ ಸುರಿಸುತ್ತದೆ. ಇದು ಪಾವ್ಲೋವನ ನಾಯಿಯ ಪ್ರಯೋಗವೇ ಹೊರತು ಬೇರೆಯಲ್ಲ. ಗಂಟೆಯ ಬದಲು ಸೀಟಿ, ಅನ್ನದ ಬದಲು ಬೆಂಕಿ. ದೇಹವೇ ಮದ್ದನ್ನು ತಯಾರಿಸುವಾಗ ರಸಾಯನಶಾಸ್ತ್ರಜ್ಞನು ಏನನ್ನು ಹುಡುಕಬೇಕು? ಪಠ್ಯಪುಸ್ತಕದಲ್ಲಿ ಅರ್ಧ ಪುಟ ಓದಿ ಮರೆಯುವ ‘ಅಭ್ಯಸ್ತ ಪ್ರತಿವರ್ತನೆ’ಯನ್ನು ಈ ಕಥೆ ಓದಿದವರು ಆಜನ್ಮ ಮರೆಯಲಾರರು. ಪ್ರಾಣಿಯ ಯಾತನೆಯನ್ನೂ ಮರೆಯಲಾರರು.

ಇಲ್ಲಿ ಒಂದು ಕೊರತೆಯನ್ನು ಹೇಳಲೇಬೇಕು. ಬಹುತೇಕ ಕಥೆಗಳಲ್ಲಿ ಪ್ರಯೋಗಶಾಲೆಯ ವರದಿ ಬಂದ ಕೂಡಲೇ ಸತ್ಯ ಹೊರಬಿದ್ದಂತೆ. ನಿಜದಲ್ಲಿ ವರದಿ ಹೇಳುವುದು ‘ಇದೆ’ ಎಂಬುದನ್ನು ಮಾತ್ರ. ‘ಯಾರು ಹಾಕಿದರು’ ಎಂಬುದನ್ನಲ್ಲ, ‘ಬೇಕೆಂದೇ ಹಾಕಿದರೆ’ ಎಂಬುದನ್ನೂ ಅಲ್ಲ. ಮೇವಿನಲ್ಲಿ ಕೋಕೋ ಬೀಜದ ಸಿಪ್ಪೆ ಬೆರೆತಿದ್ದರೆ ಮೂತ್ರದಲ್ಲಿ ಥಿಯೋಬ್ರೋಮೀನ್ ಕಾಣಿಸಿಕೊಳ್ಳುತ್ತದೆ. ಪ್ರೊಕೇನ್ ಎಂಬುದು ನೋವಡಗಿಸುವ ಮದ್ದು. ಕುಂಟುವ ಕಾಲನ್ನು ಮರಗಟ್ಟಿಸಿ ಓಡಿಸಬಲ್ಲುದು. ಆದರೆ ಒಂದು ಬಗೆಯ ಪೆನಿಸಿಲಿನ್ ಚುಚ್ಚುಮದ್ದಿನಲ್ಲಿಯೂ ಅದೇ ಪ್ರೊಕೇನ್ ಇರುತ್ತದೆ. ೨೦೧೭ರಲ್ಲಿ ಬೆಂಗಳೂರಿನಲ್ಲಿ ಗೆದ್ದ ‘ಕ್ವೀನ್ ಲತೀಫಾ’ ಎಂಬ ಹೆಣ್ಣುಕುದುರೆಯ ಮಾದರಿಯಲ್ಲಿ ಪ್ರೊಕೇನ್ ಕಂಡುಬಂದು ವಿಷಯ ಪೊಲೀಸರವರೆಗೂ ಹೋಯಿತು. ಆ ಪ್ರಕರಣದ ಗುಣದೋಷಗಳು ಇಲ್ಲಿ ನಮ್ಮ ವಿಷಯವಲ್ಲ. ಕಾದಂಬರಿಯಲ್ಲಿ ಒಂದು ವಾಕ್ಯದಲ್ಲಿ ಮುಗಿಯುವ ಮಾತು ನಮ್ಮ ಊರಿನಲ್ಲಿಯೇ ಎಷ್ಟು ಉದ್ದವಾಗುತ್ತದೆಂಬುದನ್ನು ಮಾತ್ರ ಗಮನಿಸಿದರೆ ಸಾಕು.

ಲೆಕ್ಕವನ್ನೂ ನೋಡಬೇಕು. ಹತ್ತು ಸಾವಿರ ಮಾದರಿಗಳಲ್ಲಿ ನಿಜವಾಗಿ ಮದ್ದು ಹಾಕಿದವು ಹತ್ತು ಎಂದು ಇಟ್ಟುಕೊಳ್ಳೋಣ. ಪರೀಕ್ಷೆ ಆ ಹತ್ತನ್ನೂ ಹಿಡಿಯುತ್ತದೆ. ಆದರೆ ಶುದ್ಧವಾದ ಸಾವಿರದಲ್ಲಿ ಒಂದನ್ನು ತಪ್ಪಾಗಿ ದೋಷಿಯೆನ್ನುತ್ತದೆ. ಸಾವಿರಕ್ಕೊಂದು ತಪ್ಪು, ಯಾರಿಗೂ ಇದು ಒಳ್ಳೆಯ ಪರೀಕ್ಷೆಯೆಂದೇ ತೋರುವುದು. ಆದರೂ ೯,೯೯೦ ಶುದ್ಧ ಮಾದರಿಗಳಲ್ಲಿ ಹತ್ತರಷ್ಟು ದೋಷಿಯೆನಿಸುತ್ತವೆ. ಒಟ್ಟು ಇಪ್ಪತ್ತು ಮಂದಿ ಕಟಕಟೆಯಲ್ಲಿ ನಿಂತಾಗ ಅವರಲ್ಲಿ ಅರ್ಧದಷ್ಟು ಜನ ನಿರಪರಾಧಿಗಳು! ಮಾದರಿಯನ್ನು ಎರಡು ಭಾಗ ಮಾಡಿ ಮೊಹರು ಹಾಕಿ, ಎರಡನೆಯದನ್ನು ಪ್ರತ್ಯೇಕವಾಗಿ ಪರೀಕ್ಷಿಸುವ ಪದ್ಧತಿ ಇದಕ್ಕಾಗಿಯೇ ಬಂದದ್ದು. ಪರೀಕ್ಷೆಯ ತಪ್ಪನ್ನು ಅದು ತಿದ್ದಬಲ್ಲುದು. ಮೇವಿನಿಂದ ಬಂದ ಕಲಬೆರಕೆಯನ್ನು ತಿದ್ದಲಾರದು.

ಇದರಲ್ಲಿ ನಷ್ಟ ಯಾರಿಗೆ? ಒಡೆಯನಿಗೆ ವಕೀಲರಿರುತ್ತಾರೆ. ಮೊದಲು ಸಂಶಯಕ್ಕೆ ಗುರಿಯಾಗುವವನು ಲಾಯದಲ್ಲಿ ಮಲಗುವ ಸೈಸ. ಮೇವು ಹಾಕಿದವನು, ನೀರು ಕುಡಿಸಿದವನು, ರಾತ್ರಿ ಕುದುರೆಯ ಬಳಿ ಇದ್ದವನು ಅವನೇ ತಾನೆ? ಹಳೆಯ ಕಥೆಗಳಲ್ಲಿ ಅವನು ಒಂದೋ ಮದ್ದು ತಿಂದು ನಿದ್ದೆಹೋದವನು, ಇಲ್ಲವೆ ಲಂಚ ತಿಂದು ಕಣ್ಣುಮುಚ್ಚಿದವನು. ಅವನಿಗೊಂದು ಹೆಸರನ್ನೂ ಮನೆಯನ್ನೂ ಮಕ್ಕಳನ್ನೂ ಕೊಟ್ಟ ಕಥೆಗಳು ಬಹಳ ಕಡಮೆ. ಒಳ್ಳೆಯ ರಸಾಯನಶಾಸ್ತ್ರದ ಅತ್ಯುತ್ತಮ ಉಪಯೋಗ ಕಳ್ಳನನ್ನು ಹಿಡಿಯುವುದಕ್ಕಿಂತಲೂ ಈ ಮನುಷ್ಯನನ್ನು ಬಿಡಿಸುವುದೆಂದು ನನ್ನ ಅಭಿಪ್ರಾಯ. ಅಂಥ ಕಥೆಯೊಂದು ಕನ್ನಡದಲ್ಲಿ ಬಂದರೆ ಅದನ್ನು ಶಾಲೆಯ ಗ್ರಂಥಾಲಯದ ಮುಂದಿನ ಕಪಾಟಿನಲ್ಲಿಯೇ ಇಡಬೇಕು.

ಇನ್ನು ಮೊದಲೇ ಹೇಳಿದ ದೊಡ್ಡ ಸುಳ್ಳಿನ ಮಾತು. ಪಂದ್ಯದ ಪತ್ತೇದಾರಿ ಕಥೆಯನ್ನು ಓದಿ ಮುಗಿಸಿದವನ ಮನಸ್ಸಿನಲ್ಲಿ, ಮೋಸಗಾರರಿಲ್ಲದಿದ್ದರೆ ಬಡ ಜೂಜುಗಾರನು ಗೆಲ್ಲುತ್ತಿದ್ದನೆಂಬ ಭಾವನೆ ಉಳಿಯುತ್ತದೆ. ಖಳನು ಸೆರೆಮನೆಗೆ ಹೋದನು, ಆಟ ಶುದ್ಧವಾಯಿತು, ಎಲ್ಲರೂ ಮತ್ತೆ ಬಾಜಿ ಕಟ್ಟಬಹುದು! ಗಣಿತ ಇದನ್ನು ಒಪ್ಪುವುದಿಲ್ಲ. ಟೋಟ್ ಪದ್ಧತಿಯಲ್ಲಿ ಎಲ್ಲರ ಹಣವನ್ನೂ ಒಂದೆಡೆ ಕೂಡಿಸಿ, ತೆರಿಗೆಯನ್ನೂ ನಡೆಸುವವರ ಪಾಲನ್ನೂ ಮೊದಲೇ ಕಳೆದು, ಉಳಿದದ್ದನ್ನು ಗೆದ್ದವರಿಗೆ ಹಂಚುತ್ತಾರೆ. ನೂರಕ್ಕೆ ಇಪ್ಪತ್ತು ಕಳೆಯುತ್ತಾರೆಂದು ಉದಾಹರಣೆಗೆ ಭಾವಿಸಿರಿ. ಜೂಜುಗಾರರ ಗುಂಪು ನೂರು ರೂಪಾಯಿ ಕಟ್ಟಿದರೆ ಗುಂಪಿಗೆ ಮರಳಿ ಬರುವುದು ಎಂಬತ್ತು. ಅದನ್ನೇ ಮತ್ತೆ ಕಟ್ಟಿದರೆ ಅರುವತ್ತನಾಲ್ಕು. ಐದನೆಯ ಸುತ್ತಿಗೆ ಮೂವತ್ತಮೂರರ ಒಳಗೆ. ಹತ್ತನೆಯದಕ್ಕೆ ಹನ್ನೊಂದು ರೂಪಾಯಿಗೂ ಕಡಮೆ. ಇಲ್ಲಿ ಯಾವ ಕುದುರೆಗೂ ಯಾರೂ ಮದ್ದು ಹಾಕಿಲ್ಲ, ಯಾವ ಜಾಕಿಯೂ ಲಗಾಮು ಹಿಡಿದೆಳೆದಿಲ್ಲ.

ಕುದುರೆಪಂದ್ಯವು ಕೇವಲ ಅದೃಷ್ಟದ ಆಟವಲ್ಲ, ಕೌಶಲದ ಆಟವೆಂದು ಸರ್ವೋಚ್ಚ ನ್ಯಾಯಾಲಯ ೧೯೯೬ರಲ್ಲಿ ತೀರ್ಪಿತ್ತದ್ದು ನಿಜ. ಕುದುರೆಯ ಶಕ್ತಿ, ತರಬೇತು, ಸವಾರನ ಚಾತುರ್ಯ, ಇವೆಲ್ಲ ಅಲ್ಲಿ ಇವೆ. ಆದರೆ ಕೌಶಲವಿದೆಯೆಂದಮಾತ್ರಕ್ಕೆ ಬಾಜಿ ಕಟ್ಟಿದವನಿಗೆ ಲಾಭವಿದೆಯೆಂದು ಹೇಳಲಾಗದು. ಒಬ್ಬ ನಿಪುಣನು ಗೆಲ್ಲಬೇಕಾದರೆ ಉಳಿದವರ ನಷ್ಟದಲ್ಲಿ ತನ್ನ ಪಾಲನ್ನಷ್ಟೇ ಅಲ್ಲ, ಆ ಕಳೆಯುವ ಪಾಲನ್ನೂ ಮೀರಿ ದಕ್ಕಿಸಿಕೊಳ್ಳಬೇಕು. ಹಿಂದೆ ಜೂಜಾಡಬೇಕಾದರೆ ಕೊಂಕಲ್ಲಿನಂಥ ಊರಿನ ಹುಡುಗನು ನೂರಾರು ಮೈಲಿ ಪ್ರಯಾಣಮಾಡಿ ಬೆಂಗಳೂರಿಗೋ, ಚಾಮುಂಡಿ ಬೆಟ್ಟದ ಅಡಿಯಲ್ಲಿರುವ ಮೈಸೂರಿನ ಮೈದಾನಕ್ಕೋ ಹೋಗಬೇಕಾಗಿತ್ತು. ಈಗ ಪ್ರಲೋಭನೆಯೇ ಫೋನಿನೊಳಗೆ ಕುಳಿತು ಹುಡುಗನನ್ನು ಹುಡುಕಿಕೊಂಡು ಬರುತ್ತದೆ. ಆದುದರಿಂದ ಪುಸ್ತಕವನ್ನು ಕಿತ್ತಿಟ್ಟುಕೊಳ್ಳುವ ಉಪಾಧ್ಯಾಯರು ಅದರ ಬದಲು ಈ ಎಂಬತ್ತು, ಅರುವತ್ತನಾಲ್ಕರ ಲೆಕ್ಕವನ್ನು ಕಪ್ಪುಹಲಗೆಯ ಮೇಲೆ ಬರೆಯುವುದು ಉಚಿತ.

ಕನ್ನಡದ ಲೇಖಕನಿಗೆ ವಸ್ತುವಿನ ಅಭಾವವಿಲ್ಲ. ಟಿಪ್ಪುವಿನ ಕಾಲದಿಂದ ಹೆಸರಾದ ಕುಣಿಗಲ್ಲಿನ ಕುದುರೆ ಫಾರಮ್ಮು ನಮ್ಮಲ್ಲಿಯೇ ಇದೆ. ಅದಕ್ಕಿಂತ ಹಿಂದೆ ಹೋದರೆ, ಯಾದಗಿರಿಯಿಂದ ಕೃಷ್ಣೆಯನ್ನು ದಾಟಿದರೆ ಸಿಕ್ಕುವ ರಾಯಚೂರಿನ ಮಣ್ಣಿನಲ್ಲಿಯೇ ಒಂದು ಕಥೆಯುಂಟು. ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಕುದುರೆ ವ್ಯಾಪಾರಿ ನೂನಿಜನು ಅದನ್ನು ಬರೆದಿಟ್ಟಿದ್ದಾನೆ. ಕೃಷ್ಣದೇವರಾಯನು ಸೀದಿ ಮರ್ಕಾರನೆಂಬ ತನ್ನ ನೌಕರನಿಗೆ ೪೦,೦೦೦ ಪರದಾವು ಕೊಟ್ಟು ಗೋವೆಯಿಂದ ಕುದುರೆ ತರಲು ಕಳುಹಿಸಿದನಂತೆ. ಆತನು ದಾರಿಯಲ್ಲಿಯೇ ಹಣದೊಡನೆ ಆದಿಲಶಾಹನ ಆಶ್ರಯಕ್ಕೆ ಓಡಿದನಂತೆ. ಅವನನ್ನು ಒಪ್ಪಿಸೆಂದು ರಾಯನು ಕೇಳಿದನು, ಆದಿಲಶಾಹನು ಒಪ್ಪಿಸಲಿಲ್ಲ. ೧೫೨೦ರ ರಾಯಚೂರಿನ ಯುದ್ಧಕ್ಕೆ ನೂನಿಜನು ಹೇಳುವ ಕಾರಣ ಇದು. ಕುದುರೆಯ ದುಡ್ಡು ನುಂಗಿದವನೊಬ್ಬನ ಹಿಂದೆ ಎರಡು ಸೈನ್ಯಗಳು ಹೊರಟ ಪತ್ತೇದಾರಿ ಕಥೆ ಲೋಕದಲ್ಲಿ ಇನ್ನೆಷ್ಟಿದ್ದಾವು?

ಅದೇ ನೂನಿಜನು ಸಾಳುವ ನರಸಿಂಹನ ವಿಷಯದಲ್ಲಿ ಇನ್ನೊಂದು ಮಾತು ಹೇಳುತ್ತಾನೆ. ಅರಬ್ಬಿ ಕುದುರೆಗಳ ಮೇಲಿನ ಆಸೆಯಿಂದ ರಾಜನು ಸಮುದ್ರದಲ್ಲಿ ಸತ್ತ ಕುದುರೆಗೂ ಹಣ ಕೊಡುತ್ತಿದ್ದನಂತೆ; ವ್ಯಾಪಾರಿ ಅದರ ಬಾಲವನ್ನು ತಂದು ತೋರಿಸಿದರೆ ಸಾಕಾಗಿತ್ತು. ಇಂದಾದರೆ ಬಾಲದ ಒಂದು ಕೂದಲಿನ ಬುಡದಿಂದ ಅದು ಯಾವ ಕುದುರೆ, ಅದರ ತಂದೆತಾಯಿ ಯಾರು ಎಂಬುದನ್ನು ಹೇಳಬಹುದು. ಅಂದು ಬಂದರಿನಲ್ಲಿ ಕಂತೆ ಬಾಲಗಳನ್ನು ಹಿಡಿದು ನಿಂತ ವ್ಯಾಪಾರಿಯ ಮುಂದೆ ಲೆಕ್ಕದ ಪುಸ್ತಕ ಬಿಚ್ಚಿ ಕುಳಿತ ಕರಣಿಕನು, ಯಾವ ಯಂತ್ರವೂ ಇಲ್ಲದೆ, ಆ ಕುದುರೆಗಳು ಹಡಗು ಹತ್ತಿದ್ದುವೋ ಇಲ್ಲವೋ ಎಂಬುದನ್ನು ಹೇಗೆ ನಿರ್ಣಯಿಸಬಹುದಾಗಿತ್ತು? ವಿದ್ಯಾರ್ಥಿಮಿತ್ರರು ಯೋಚಿಸಿ ನೋಡಬಹುದು.